ಬಾಡಿಗೆಗೆ ಬಂದ ದೇವರು

ಈಚೆಗೆ ಹಿರೇಕೆರೂರಿನ ನಮ್ಮ ಪಕ್ಕದ ಮನೆಗೆ ಹೊಸ ಸಂಸಾರವೊಂದು ಬಂದಿದೆ. ಯಾವ ಊರಿನವರು, ಏನು ಕೆಲಸ ಎಂದು ನಾನು ವಿಚಾರಿಸುವ ಮೊದಲೇ ಅವರ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ಕಾಯುವ ವಾಸನೆ ಗೋಡೆ ಹಾರಿ ನಮ್ಮ ಹಿತ್ತಲಿಗೆ ಬಂತು. ನಮ್ಮ ಸೀಮೆಯಲ್ಲಿ ಒಗ್ಗರಣೆಗೆ ಶೇಂಗಾ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ. ಇವೆರಡರ ನಡುವಿನ ಗಡಿಯನ್ನು ರಾಜ್ಯದ ಗಡಿಗಿಂತ ಕಟ್ಟುನಿಟ್ಟಾಗಿ ಕಾಯ್ದುಕೊಂಡು ಬಂದ ಮಂದಿ ನಾವು. ನಮ್ಮ ಯಜಮಾನರು ಓದುತ್ತಿದ್ದ ಪೇಪರು ಇಳಿಸಿ, ಮೂಗು ಅರಳಿಸಿ, "ಯಾರೋ ತಲಿ ಹುರಿಯಾಕತ್ತಾರ ನೋಡು" ಎಂದರು.

ಬಟ್ಟೆ ಒಣಹಾಕುತ್ತಿದ್ದ ನಾನು ಕೈಯಲ್ಲಿ ಒದ್ದೆ ಟವೆಲ್ಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅವರಿಗದು ತಲೆ ಹುರಿಯುವ ವಾಸನೆ. ನನಗೆ ಅದು ಹಾನಗಲ್ಲಿನ ನನ್ನ ತವರು ಮನೆಯ ವಾಸನೆ. ಲಿಂಗವಂತರ ಮನೆಯ ಮಗಳಿಗೆ ತವರೆಂದರೆ ಕೊಬ್ಬರಿ ಎಣ್ಣೆಯಲ್ಲಿ ಸಿಡಿದ ಸಾಸಿವೆ ಹೇಗೆ ನೆನಪಾಗುತ್ತದೆ ಎಂದು ನೀವು ಕೇಳಬಹುದು. ಕೇಳಬೇಕು. ಕೇಳದಿದ್ದರೂ ನಾನು ಹೇಳುವವಳೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಬಾಯಿ ಮುಚ್ಚುವುದು ಒಂದು ಬಿಟ್ಟು ಉಳಿದದ್ದೆಲ್ಲ ಬರುತ್ತದೆ.

ನಮ್ಮ ಮನೆ ತಾರಕೇಶ್ವರ ಗುಡಿಯ ಹಿಂದಿನ ಓಣಿಯಲ್ಲಿತ್ತು. ಅಜ್ಜ ತೀರಿಕೊಂಡ ಮೇಲೆ ಮುಂದಿನ ಎರಡು ಖೋಲಿಗಳು ಖಾಲಿ ಬಿದ್ದಿದ್ದವು. ಬಾಡಿಗೆಗೆ ಕೊಡಬೇಕೆಂದು ಅಪ್ಪನಿಗೆ ಆಸೆ, ಆದರೆ ಅಪ್ಪನ ಷರತ್ತುಗಳು ಅವರ ಮೀಸೆಯಂತೆ ದಪ್ಪ. ಶಾಕಾಹಾರಿಗಳಾಗಿರಬೇಕು, ದೈವಭಕ್ತರಾಗಿರಬೇಕು, ಸಂಜೆ ಜೋರಾಗಿ ಮಾತಾಡಬಾರದು. ಕೊನೆಯದನ್ನು ನಮ್ಮ ಮನೆಯಲ್ಲಿ ಯಾರೂ ಪಾಲಿಸಿರಲಿಲ್ಲ. ಅಂತೂ ಒಂದು ದಿನ ದಲಾಲಿ ಈರಣ್ಣ ಬಂದು ಪಡಸಾಲೆಯಲ್ಲಿ ಕೂತ.

"ಗೌಡ್ರ, ನಿಮಗ ತಕ್ಕಂಥಾ ಮಂದಿ ಸಿಕ್ಕಾರ. ಶುಂಠಿ ಬೆಳಿಯಾವರು, ದಕ್ಷಿಣದ ಕಡ್ಯಾವರು. ತಿಳವಳ್ಳಿ ರಸ್ತೆದಾಗಿನ ನಿಮ್ಮ ಹೊಲಾ ಲಾವಣಿ-ಗುತ್ತಿಗಿ ಹಿಡೀತಾರ, ಈ ಖೋಲಿನೂ ಹಿಡೀತಾರ. ಗಂಡನ ಹೆಸರು ಮುತ್ತಯ್ಯ. ಹೆಂಡತಿ ಎಲ್ಲವ್ವ. ಒಂದು ಸಣ್ಣ ಹುಡುಗಿ ಐತಿ."

ಮುತ್ತಯ್ಯ ಎಂದ ಕೂಡಲೇ ಅಪ್ಪನ ಮುಖ ಅರಳಿತು. ಹೆಸರಿನ ಕೊನೆಗೆ ಅಯ್ಯ ಇದ್ದಮೇಲೆ ಅಯ್ಯನವರು, ಜಂಗಮರು. ಸ್ವಾಮಿಗಳೇ ಮನೆಗೆ ಬಾಡಿಗೆಗೆ ಬರುತ್ತಾರೆಂದರೆ ಇನ್ನೇನು ಬೇಕು? ಅವ್ವ ಖೋಲಿಗಳಿಗೆ ಸುಣ್ಣ ಹೊಡೆಸಿದಳು. ಅವರು ಬರುವ ದಿನ ಮುಂಜಾನೆ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ವಿಭೂತಿಯ ತಟ್ಟೆ ಇಟ್ಟುಕೊಂಡು, ಅಯ್ಯನವರು ಕಾಲು ತೊಳೆದುಕೊಳ್ಳಲೆಂದು ತಾಮ್ರದ ತಂಬಿಗೆಯಲ್ಲಿ ನೀರು ಹಿಡಿದು ಹೊಸ್ತಿಲಲ್ಲಿ ನಿಂತಳು.

ಟೆಂಪೋ ಬಂತು. ಬಿಳಿ ಪಂಚೆಯನ್ನು ಮೊಳಕಾಲಿನವರೆಗೆ ಎತ್ತಿ ಕಟ್ಟಿದ ಎತ್ತರದ ಆಳೊಬ್ಬರು ಇಳಿದರು. ಅವ್ವ ತಂಬಿಗೆ ಚಾಚಿದಳು. ಅವರು ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡು, ತಲೆ ಎತ್ತಿ, ಗಟಗಟ ಅಷ್ಟೂ ನೀರು ಕುಡಿದು, ಬಾಯಿ ಒರೆಸಿಕೊಂಡು, ಸಂತೋಷದಿಂದ ನಕ್ಕರು. ಅಷ್ಟರಲ್ಲಿ ಟೆಂಪೋದಿಂದ ಅವರ ಹೆಂಡತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು, ಒಂದು ದೊಡ್ಡ ಫೋಟೋ ಇಳಿಸಿದಳು. ಚೌಕಟ್ಟಿನೊಳಗೆ ಏಸುಸ್ವಾಮಿ. ಎದೆಯ ಮೇಲೆ ಹೃದಯ ಹೊರಗೇ ಕಾಣುತ್ತಿತ್ತು.

ಅಪ್ಪ ಈರಣ್ಣನನ್ನು ನೋಡಿದರು. ಈರಣ್ಣ ಟೆಂಪೋದ ಗಾಲಿಯನ್ನು ನೋಡಿದ. ಅವರ ಹೆಸರು ಮುತ್ತಯ್ಯ ಅಲ್ಲ, ಮತ್ತಾಯಿ. ಹೆಂಡತಿ ಎಲ್ಲವ್ವ ಅಲ್ಲ, ಏಲಿಯಾಮ್ಮ. ದಕ್ಷಿಣದ ಕಡೆ ಎಂದರೆ ಕೇರಳ. "ನನಗ ಹಂಗ ಕೇಳಿಸ್ತ್ರಿ ಗೌಡ್ರ" ಎಂದು ಈರಣ್ಣ ಸಣ್ಣ ದನಿಯಲ್ಲಿ ಹೇಳಿ ನಿಧಾನವಾಗಿ ಮಾಯವಾದ.

ಅಪ್ಪ ಅವ್ವನನ್ನು ಒಳಗೆ ಕರೆದು, "ಹೆಂಗ ಮಾಡೂದು?" ಎಂದರು. ಅವ್ವ ಖಾಲಿ ತಂಬಿಗೆಯ ಕಡೆ ನೋಡಿ, "ನಮ್ಮ ಹೊಸ್ತಿಲಾಗ ನಿಂತು ನೀರ ಕುಡದಾರ. ಈಗ ಹೊರಗ ಹಾಕಿದ್ರ ಛಂದ ಕಾಣೂದಿಲ್ಲ" ಎಂದಳು. ಅಲ್ಲಿಗೆ ಮುಗಿಯಿತು. ನಮ್ಮ ಮನೆಯ ದೊಡ್ಡ ತೀರ್ಮಾನಗಳೆಲ್ಲ ಹೀಗೆ ಪಾತ್ರೆ-ಪಡಗದ ಆಧಾರದ ಮೇಲೆಯೇ ಆಗುತ್ತಿದ್ದವು.

ಉಳಿದದ್ದು ಮೀನಿನ ಪ್ರಶ್ನೆ. ಅದನ್ನು ಹೆಂಗಸರಿಬ್ಬರೇ ಕೈಸನ್ನೆಯಲ್ಲಿ ಬಗೆಹರಿಸಿಕೊಂಡರು. ಮೀನು ಮನೆಯಲ್ಲಿ ಬೇಡ, ಹೊಲದ ಗುಡಿಸಲಿನಲ್ಲಿ ಆಗಬಹುದು. ಹಾಗಾಗಿ ಮತ್ತಾಯಿಯವರ ಸಂಸಾರ ಭಾನುವಾರ ಮೊದಲ ಬಸ್ಸಿಗೆ ಹುಬ್ಬಳ್ಳಿಯ ಚರ್ಚಿಗೆ ಹೋಗಿ, ಮರಳಿ ಬಂದದ್ದೇ ಚೀಲ ಹಿಡಿದು ತಿಳವಳ್ಳಿ ರಸ್ತೆಯ ಹೊಲಕ್ಕೆ ಹೊರಡುತ್ತಿತ್ತು. ಅಪ್ಪ ಕಟ್ಟೆಯ ಮೇಲೆ ಕೂತವರಿಗೆ, "ಏನ ದುಡಿಯೂ ಮಂದಿ ನೋಡ್ರಿ, ಆಯ್ತವಾರನೂ ಹೊಲಾ ಬಿಡೂದಿಲ್ಲ" ಎಂದು ಹೊಗಳುತ್ತಿದ್ದರು. ಅವ್ವನಿಗೆ ಗುಟ್ಟು ಗೊತ್ತಿತ್ತು. ಅವಳು ಜೋಳ ಹಸನು ಮಾಡುತ್ತ ಸುಮ್ಮನಿರುತ್ತಿದ್ದಳು.

ಏಲಿಯಾಮ್ಮ ಬಂದಾಗ ಅವಳಿಗೆ ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ಕಲಿಸಿದವಳು ಅವ್ವ. ಇಲ್ಲೊಂದು ಎಡವಟ್ಟಾಯಿತು. ಅವ್ವ ಅವಳಿಗಿಂತ ದೊಡ್ಡವಳು, ಆದ್ದರಿಂದ ಅವಳನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದಳು. "ಬಾ", "ಕುಂದರು", "ಉಣ್ಣು", "ಏನ ನಿನ್ನ ಹಣೇಬರಾ." ಏಲಿಯಾಮ್ಮ ಇದೇ ಕನ್ನಡ ಎಂದು ತಿಳಿದು ಅಷ್ಟನ್ನೂ ಶ್ರದ್ಧೆಯಿಂದ ಕಲಿತು ಊರಿಗೆಲ್ಲ ಹಂಚಿದಳು. ನಮ್ಮ ಅಪ್ಪನನ್ನು ಓಣಿಯ ಮಕ್ಕಳಿಂದ ಮುದುಕರವರೆಗೆ ಎಲ್ಲರೂ "ಗೌಡ್ರ, ಬರ್ರಿ" ಎನ್ನುತ್ತಿದ್ದ ಕಾಲ. ಒಂದು ಸಂಜೆ ಅಪ್ಪ ಹೊಲದ ವಿಷಯ ಕೇಳಲು ಅವರ ಬಾಗಿಲಿಗೆ ಹೋದರೆ ಏಲಿಯಾಮ್ಮ ನಗುಮುಖದಿಂದ, "ಬಾ ಗೌಡ, ಕುಂದರು. ಚಾ ಕುಡಿ" ಎಂದಳು. ಅಪ್ಪ ನಿಂತಲ್ಲೇ ಕಲ್ಲಾದರು. ನಾನು ಬಾಗಿಲ ಮರೆಯಲ್ಲಿ ಸೆರಗು ಕಚ್ಚಿಕೊಂಡು ನಗು ತಡೆದೆ. ಅಪ್ಪ ಕೂತರು, ಚಹಾನೂ ಕುಡಿದರು. ಒಳಗೆ ಬಂದು ಅವ್ವನಿಗೆ, "ಆಕೀಗೆ ಒಂದೀಟು ರೀ ಹಚ್ಚೂದು ಕಲಸು" ಎಂದರು. ಅವ್ವ ಕಲಿಸಿದಳು. ಏಲಿಯಾಮ್ಮ ಅದನ್ನೂ ಕಲಿತು ನಾಯಿಗೆ, "ಹೊರಗ ನಡೀರಿ" ಎಂದಳು. ಅಪ್ಪ ಮಾತ್ರ ಕೊನೆಯವರೆಗೆ "ಗೌಡ, ಬಾ" ಆಗಿಯೇ ಉಳಿದರು. ಬರಬರುತ್ತ ಅವರಿಗೆ ಅದು ರೂಢಿಯಾಯಿತು. ಜಗತ್ತಿನಲ್ಲಿ ತನ್ನನ್ನು ಏಕವಚನದಲ್ಲಿ ಕರೆಯುವವರು ಒಬ್ಬರಾದರೂ ಬೇಕೆಂದು ಅವರಿಗೂ ಅನ್ನಿಸಿತ್ತೋ ಏನೋ.

ನನ್ನ ಸರದಿಯೂ ಬಂತು. ಏಲಿಯಾಮ್ಮ ನನ್ನನ್ನು "ಮೋಳೆ" ಎಂದು ಕರೆಯುತ್ತಿದ್ದಳು. ನಾನಾಗ ಕಾಲೇಜಿಗೆ ಹೋಗುವ ಹುಡುಗಿ, ಮೈಮೇಲೆ ಮಾಂಸವೇ ಇಲ್ಲದಷ್ಟು ಸಪೂರ. ಗೋಡೆಗೆ ಹೊಡೆಯುವ ಮೊಳೆಯ ಹಾಗಿದ್ದೇನೆಂದು ಹೀಗೆ ಅನ್ನುತ್ತಾಳೆಂದು ತಿಳಿದು ಬಹಳ ದಿನ ಮುನಿಸಿಕೊಂಡಿದ್ದೆ. ಆಮೇಲೆ ಅವಳ ಮಗಳು ಲಿಸಿ, ಅಷ್ಟರಲ್ಲಿ ನಮ್ಮೂರ ಶಾಲೆಗೆ ಹೋಗಿ ಕನ್ನಡ ಕಲಿತವಳು, "ಹಂಗಂದ್ರ ಮಗಳ ಅಂತರೀ ಅಕ್ಕಾರ" ಎಂದು ಬಿಡಿಸಿ ಹೇಳಿದಳು. ಅವತ್ತಿನಿಂದ ಯಾರಾದರೂ ಮೊಳೆ ಎಂದರೂ ನನ್ನ ಮನಸ್ಸು ಹಿಗ್ಗುತ್ತದೆ. ಬಡಗಿಯವರ ಅಂಗಡಿಯ ಮುಂದೆ ಕೂಡ.

ಮತ್ತಾಯಿಯವರು ಮಾತು ಕಡಿಮೆ ಆಡುವ ಮನುಷ್ಯ. ಬೆಳಗಾದರೆ ಸೈಕಲ್ಲು ಹತ್ತಿ ಹೊಲಕ್ಕೆ ಹೋಗುವರು, ದೀಪ ಹಚ್ಚುವ ಹೊತ್ತಿಗೆ ಬರುವರು. ಎರಡು ಬೆಳೆ ತೆಗೆದು, ಊರಿಗೆ ಮರಳಿ, ನದಿಯ ದಂಡೆಗೆ ಒಂದು ಮನೆ ಕಟ್ಟಬೇಕು ಎಂಬುದು ಅವರ ಲೆಕ್ಕಾಚಾರ. ಎರಡು ಬೆಳೆ ಮುಗಿದ ಮೇಲೆ, "ಇನ್ನೊಂದು" ಎಂದರು. ಅದೂ ಮುಗಿಯಿತು, ಮತ್ತೆ "ಇನ್ನೊಂದು." ಹೆಂಡತಿ ಪ್ರತಿ ಸಲ ಪೆಟ್ಟಿಗೆ ಕಟ್ಟಿ ಬಿಚ್ಚುತ್ತಿದ್ದಳು. "ಇಂವಗ ನಿಮ್ಮ ಮಣ್ಣ ರುಚಿ ಹತ್ತೈತಿ ಅಕ್ಕಾ" ಎಂದು ಅವ್ವನ ಹತ್ತಿರ ಅರ್ಧ ದೂರು, ಅರ್ಧ ಹೆಮ್ಮೆಯಿಂದ ಹೇಳುತ್ತಿದ್ದಳು.

ಸಂಜೆ ಅವರ ಮನೆಯಲ್ಲಿ ಪ್ರಾರ್ಥನೆ. ಏಸುಸ್ವಾಮಿಯ ಫೋಟೋದ ಮುಂದೆ ಗಂಡ, ಹೆಂಡತಿ, ಮಗಳು ಮೊಳಕಾಲೂರಿ ಹಾಡುವರು. ಅದೇ ಹೊತ್ತಿಗೆ ನಡುಮನೆಯಲ್ಲಿ ಅವ್ವನ ಲಿಂಗಪೂಜೆ. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ ಅವ್ವನ ಕಾಲ ಹೆಬ್ಬೆರಳು ಆ ಹಾಡಿನ ತಾಳಕ್ಕೆ ಸಣ್ಣಗೆ ಆಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇಬ್ಬರು ಹೆಂಗಸರಲ್ಲಿ ಒಬ್ಬರ ದೇವರ ಬಗ್ಗೆ ಇನ್ನೊಬ್ಬರಿಗೆ ತಕರಾರಿತ್ತು. ಅವ್ವ ಕೇಳುವಳು, "ನಿಮ್ಮ ದೇವರ ಎದಿ ಯಾಕ ತೆರದೈತಿ? ಪಾಪ, ಮ್ಯಾಲೊಂದು ಅರಿವಿ ಹೊಚ್ಚಬಾರದ?" ಏಲಿಯಾಮ್ಮ ತಿರುಗಿ ಕೇಳುವಳು, "ದೇವರನ್ನ ಕೊಳ್ಳಾಗ ಕಟ್ಟಿಕೊಂಡು ಮತ್ತ ಗುಡಿಗೆ ಯಾಕ ಹೊಕ್ಕಿ? ಅಲ್ಲಿ ಯಾರದಾರ?" ಅವ್ವ ವಿಚಾರ ಮಾಡಿ, "ಗೆಳತ್ಯಾರು" ಎಂದಳು. ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ನಾನು ಯಾವ ಪ್ರವಚನದಲ್ಲೂ ಕೇಳಿಲ್ಲ.

ನಾನು ಬಿ.ಎ. ಮುಗಿಸಿದ ವರ್ಷ, ಮಳೆಗಾಲದಲ್ಲಿ, ಮತ್ತಾಯಿಯವರು ತೀರಿಕೊಂಡರು. ಮುಂಜಾನೆ ಹೊಲದಲ್ಲಿ ಮಡಿಗಳಿಗೆ ಮಣ್ಣು ಏರಿಸುತ್ತಿದ್ದವರು ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತರಂತೆ. ಎದೆ ಹಿಡಿದುಕೊಂಡು ಹಾಗೇ ವಾಲಿದರಂತೆ. ಆಳುಗಳು ಟ್ರ್ಯಾಕ್ಟರಿನಲ್ಲಿ ಊರಿಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮ ಪಡಸಾಲೆಯಲ್ಲಿ ಅವರನ್ನು ಮಲಗಿಸಿದರು. ಏಲಿಯಾಮ್ಮ ಅಳಲಿಲ್ಲ. ಅವರ ಪಾದಕ್ಕೆ ಅಂಟಿದ ಕೆಂಪು ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಕೂತಳು. ಮಣ್ಣೆಲ್ಲ ಹೋದ ಮೇಲೂ ಒರೆಸುತ್ತಲೇ ಇದ್ದಳು.

ಫೋನು ನಮ್ಮ ಮನೆಯಲ್ಲಿತ್ತು. ಮತ್ತಾಯಿಯ ಅಣ್ಣ ಕೇರಳದಿಂದ ಮಾತಾಡಿದರು. ತಾಯಿ ಇನ್ನೂ ಇದ್ದಾಳೆ, ಮಗನನ್ನು ನೋಡಬೇಕೆನ್ನುತ್ತಾಳೆ, ನಮ್ಮ ಚರ್ಚಿನಲ್ಲಿ ಅಪ್ಪನ ಪಕ್ಕದಲ್ಲಿ ಜಾಗವಿದೆ, ಗಾಡಿ ಮಾಡಿಕೊಂಡು ತಂದುಬಿಡಿ. ಏಲಿಯಾಮ್ಮ ಕೇಳಿಸಿಕೊಂಡು, ಏನೋ ಹೇಳಿ ಫೋನಿಟ್ಟು, ಅಡುಗೆಮನೆಗೆ ಬಂದಳು. ಅಲ್ಲಿ ಅವ್ವ ಮತ್ತು ನಾನು ಬಂದವರಿಗೆ ಚಹಾ ಮಾಡುತ್ತಿದ್ದೆವು.

"ಅಕ್ಕಾ, ನಾ ಒಯ್ಯೂದಿಲ್ಲ" ಎಂದಳು.

ಅವ್ವ ಸೌಟು ಕೆಳಗಿಟ್ಟಳು. "ಹಂಗ್ಯಾಕ? ಹಡದಾಕಿ ಕಾಯಾಕತ್ತಾಳಲ್ಲ."

"ಅಂವನ್ನ ಅಲ್ಲಿ ಇಟ್ರ ನಾನೂ ಅಲ್ಲೇ ಇರಬೇಕಾಗತೈತಿ. ಅವರ ಅಣ್ಣನ ಮನ್ಯಾಗ, ಒಂದು ಮೂಲ್ಯಾಗ. ಅವರು ಹಾಕಿದ್ದ ಉಣಬೇಕು, ಲಿಸಿನ್ನ ಅವರು ಹೇಳಿದಲ್ಲಿ ಕೊಡಬೇಕು. ಇಲ್ಲಿ ಇಟ್ರ, ಗಂಡನ ಹತ್ರ ಇರ್ತೇನಿ ಅಂತ ಹೇಳಾಕ ಬರತೈತಿ. ಅದಕ್ಕ ಯಾರೂ ಏನೂ ಅನ್ನಾಕ ಆಗೂದಿಲ್ಲ. ಹೊಲದಾಗ ಬೆಳಿ ಐತಿ. ನಾ ತಗೀತೇನಿ."

ಅವಳ ದನಿ ನಡುಗುತ್ತಿತ್ತು, ಮಾತು ನಡುಗುತ್ತಿರಲಿಲ್ಲ. ಅವ್ವ ಒಲೆ ಆರಿಸಿದಳು. ಆಮೇಲೆ ಕೈ ಒರೆಸಿಕೊಂಡು ನೇರ ಪಡಸಾಲೆಗೆ ಹೋಗಿ ಅಪ್ಪನನ್ನು ಹಿತ್ತಲಿಗೆ ಕರೆದಳು.

ನಿಮಗೆ ಗೊತ್ತಿರಬಹುದು, ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಹೊಲವಿದ್ದವರು ಹೊಲದ ಮೂಲೆಯಲ್ಲೇ. ತಿಳವಳ್ಳಿ ರಸ್ತೆಯ ಆ ಹೊಲದಲ್ಲಿ, ಬೇವಿನ ಮರದ ಬುಡಕ್ಕೆ, ನಮ್ಮ ಅಜ್ಜನ ಗದ್ದುಗೆಯಿದೆ, ಮುತ್ತಜ್ಜನದೂ ಇದೆ. ಅವ್ವ ಹೇಳಿದ್ದು ಅಲ್ಲಿಯೇ ಮತ್ತಾಯಿಯವರಿಗೂ ಜಾಗ ಕೊಡೋಣ ಎಂದು. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

"ನಮ್ಮಪ್ಪನ ಬಾಜೂಕ? ಮಂದಿ ಏನಂದಾರು? ಮೀನ ತಿನ್ನಾ ಮನಶ್ಯಾ ಅಂವಾ."

"ನಿಮ್ಮಪ್ಪಾರು ಈಗ ಏನ ತಿನ್ನಾಕತ್ತಾರೋ ಯಾರಿಗ ಗೊತ್ತೈತಿ" ಎಂದಳು ಅವ್ವ. ಮತ್ತೆ ಸ್ವಲ್ಪ ತಗ್ಗಿ, "ಆ ಹೊಲದಾಗ ನಿಮಗಿಂತ ಹೆಚ್ಚ ಅಂವಾ ನಿಂತಾನ್ರಿ. ನಿಮ್ಮಪ್ಪಾರಿಗೆ ಅಂವನ ಗುರ್ತ ಇರತೈತಿ" ಎಂದಳು.

ಅಪ್ಪ ಹಿತ್ತಲ ಕಲ್ಲಿನ ಮೇಲೆ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಹಳ ಹೊತ್ತಾದ ಮೇಲೆ ಎದ್ದು, ಟೋಪಿ ಹಾಕಿಕೊಂಡು, ಕುಣಿ ತೋಡುವವರಿಗೆ ಹೇಳಿಕಳಿಸಿದರು. ಏಲಿಯಾಮ್ಮ ಹುಬ್ಬಳ್ಳಿಯ ಚರ್ಚಿಗೆ ಫೋನು ಮಾಡಿ ಫಾದರಿಗೆ ಬರಹೇಳಿದಳು. ಪೆಟ್ಟಿಗೆಯನ್ನೂ ಅವರೇ ತರುವುದಾಯಿತು.

ಮರುದಿನ ಮಧ್ಯಾಹ್ನ ಜಿಟಿಜಿಟಿ ಮಳೆಯಲ್ಲಿ ಎಲ್ಲರೂ ಹೊಲಕ್ಕೆ ಹೋದೆವು. ಓಣಿಯ ಮಂದಿ ಅರ್ಧ ದುಃಖದಿಂದ, ಅರ್ಧ ಕುತೂಹಲದಿಂದ ಬಂದಿದ್ದರು. ಫಾದರ್ ಇನ್ನೂ ಎಳೆ ವಯಸ್ಸಿನವರು, ಪುಸ್ತಕದ ಕನ್ನಡ ಮಾತಾಡುವವರು. ಬೇವಿನ ಮರದ ಹತ್ತಿರ ಹೋಗಿ ಕುಣಿ ನೋಡಿದವರೇ ನಿಂತುಬಿಟ್ಟರು. ಕುಣಿ ತೋಡುವವರು ತಮಗೆ ಗೊತ್ತಿದ್ದ ಹಾಗೆ ತೋಡಿದ್ದರು. ನಾವು ಸತ್ತವರನ್ನು ಕೂರಿಸಿ ಹೂಳುವವರು. ಹಾಗಾಗಿ ಕುಣಿ ಚೌಕವಾಗಿತ್ತು, ಆಳವಾಗಿತ್ತು, ಒಳಗೊಂದು ಗೂಡು ಕೂಡ ಇತ್ತು. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದನ್ನು ತಪ್ಪು ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

"ಇದರಲ್ಲಿ ಪೆಟ್ಟಿಗೆ ಹೇಗೆ ಇಡುವುದು?" ಎಂದರು ಫಾದರ್.

"ಪೆಟಗಿ ಯಾಕ್ರಿ, ಅವರನ್ನ ಆರಾಮ ಕುಂದ್ರಸೂಣ್ರಿ" ಎಂದ ಕುಣಿ ತೋಡಿದವರಲ್ಲೊಬ್ಬ.

"ನಮ್ಮಲ್ಲಿ ಮಲಗಿಸುವುದು."

ಆತ ಒಮ್ಮೆ ಪೆಟ್ಟಿಗೆ ನೋಡಿ, ಒಮ್ಮೆ ಕುಣಿ ನೋಡಿ, "ಮನಿಗೊಳ್ಳಾವರು ಅಂತ ಮೊದಲ ಹೇಳಬೇಕಿಲ್ರಿ" ಎಂದು ಸಲಿಕೆ ಎತ್ತಿಕೊಂಡ. ಆ ದುಃಖದ ನಡುವೆ ಮೊದಲು ನಕ್ಕವಳು ಏಲಿಯಾಮ್ಮ. ನಗು ಒಂದು ಕ್ಷಣವೂ ಉಳಿಯಲಿಲ್ಲ. ಅದೇ ಅಳುವಾಗಿ ತಿರುಗಿ, ಹಿಂದಿನ ದಿನದಿಂದ ಕಟ್ಟಿಕೊಂಡಿದ್ದದ್ದೆಲ್ಲ ಒಡೆದು ಬಂತು. ಅವ್ವ ಅವಳನ್ನು ಮಡಿಲಿಗೆ ಎಳೆದುಕೊಂಡು ಕೆಸರಿನಲ್ಲೇ ಕೂತಳು. ಅವರು ಅಳುವಷ್ಟು ಹೊತ್ತು ಗಂಡಸರು ಮಳೆಯಲ್ಲಿ ಕುಣಿಯನ್ನು ಉದ್ದ ಮಾಡಿದರು. ಅಪ್ಪ ಕೂಡ ಒಂದು ಗುದ್ದಲಿ ಹಿಡಿದಿದ್ದರು. ಕೊನೆಗೆ ಅದು ತಲೆಯ ಕಡೆ ಅಗಲ, ಕಾಲಿನ ಕಡೆ ಉದ್ದ, ಎರಡೂ ಧರ್ಮಗಳಲ್ಲಿ ಇಲ್ಲದ ಒಂದು ಆಕಾರಕ್ಕೆ ಬಂತು.

ಫಾದರ್ ಮಂತ್ರ ಹೇಳಿ ನೀರು ಚಿಮುಕಿಸಿ ಮಣ್ಣನ್ನು ಪವಿತ್ರ ಮಾಡಿದರು. ಎಲ್ಲರೂ ಹಿಡಿ ಮಣ್ಣು ಹಾಕಿದೆವು. ಅವ್ವನ ಸರದಿ ಬಂದಾಗ ಅವಳ ಮುಷ್ಟಿಯಿಂದ ಬಿದ್ದದ್ದು ಬೆಳ್ಳಗಿತ್ತು. ವಿಭೂತಿ. ಸೆರಗಿನ ತುದಿಗೆ ಕಟ್ಟಿಕೊಂಡು ತಂದಿದ್ದಳು. ಸುತ್ತ ನಿಂತವರು ಫಾದರ್ ಮುಖ ನೋಡಿದರು. ಅವ್ವನೂ ನೋಡಿದಳು, ಸ್ವಲ್ಪ ಹೆದರಿ. "ನಮಗ ಇದಿಲ್ದ ಕಳಸಿ ಗೊತ್ತಿಲ್ರಿ" ಎಂದಳು.

ಫಾದರ್ ಕುಣಿಯೊಳಗಿನ ಬಿಳುಪನ್ನು ನೋಡಿ, "ಇರಲಿ ತಾಯಿ. ನಾವೂ ವರ್ಷಕ್ಕೊಮ್ಮೆ ಹಣೆಗೆ ಬೂದಿ ಹಚ್ಚಿಕೊಳ್ಳುತ್ತೇವೆ" ಎಂದರು.

ವಾರದ ಮೇಲೆ ಮತ್ತಾಯಿಯ ಅಣ್ಣ ಬಂದರು. ಜಗಳಕ್ಕೇ ಬಂದದ್ದು. ಮುಂದಿನ ಖೋಲಿಯಲ್ಲಿ ಮಲಯಾಳದಲ್ಲಿ ಗಟ್ಟಿ ಗಟ್ಟಿ ಮಾತು ನಡೆಯಿತು. ನಮಗೆ ತಿಳಿದದ್ದು "ಅಮ್ಮಚ್ಚಿ" ಎಂಬ ಒಂದೇ ಶಬ್ದ, ಅದು ಪದೇ ಪದೇ ಬರುತ್ತಿತ್ತು. ಆಮೇಲೆ ಅಪ್ಪ ಅವರನ್ನು ಹೊಲಕ್ಕೆ ಕರೆದುಕೊಂಡು ಹೋದರು. ಸೊಂಟದೆತ್ತರ ಹಸಿರು ಶುಂಠಿ, ಬೇವಿನ ನೆರಳು, ಅಜ್ಜನ ಗದ್ದುಗೆ, ಪಕ್ಕದಲ್ಲಿ ಹಸಿ ಮಣ್ಣಿನ ದಿಬ್ಬದ ಮೇಲೆ ಕಟ್ಟಿಗೆಯ ಶಿಲುಬೆ. ಆ ಮನುಷ್ಯ ಅಲ್ಲಿ ಮೊಳಕಾಲೂರಿ ಕೂತು ಮಗುವಿನ ಹಾಗೆ ಅತ್ತರಂತೆ. ಏಳುವಾಗ ಅಲ್ಲಿನ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು, ತಾಯಿಗೆಂದು. ಹೋಗುವಾಗ ಅಪ್ಪನ ಕೈ ಹಿಡಿದು ಏನೋ ಹೇಳಿದರು. ಅಪ್ಪನಿಗೆ ಅರ್ಥವಾಗಲಿಲ್ಲ. "ಹೌದ್ರಿ, ಹೌದ್ರಿ" ಎಂದರಂತೆ.

ಏಲಿಯಾಮ್ಮ ಮಾತಿಗೆ ತಕ್ಕ ಹಾಗೆ ಬೆಳೆ ನೋಡಿಕೊಂಡಳು. ಮತ್ತಾಯಿಯವರ ಸೈಕಲ್ಲು ಹತ್ತಲು ಕಲಿತಳು, ಎರಡು ಸಲ ಚರಂಡಿಗೆ ಬಿದ್ದಳು, ಅವ್ವನಿಂದ ಕಲಿತ ಬೈಗುಳವನ್ನೆಲ್ಲ ಸೈಕಲ್ಲಿಗೆ ಬೈದಳು. ಆದರೆ ಒಂದು ಬದಲಾವಣೆ ನಮ್ಮ ಗಮನಕ್ಕೆ ಬಂತು. ಸಂಜೆಯ ಪ್ರಾರ್ಥನೆ ನಿಂತಿತ್ತು. ಹಾಡಿಲ್ಲ, ಫೋಟೋದ ಮುಂದೆ ದೀಪವೂ ಇಲ್ಲ. ಭಾನುವಾರ ಹುಬ್ಬಳ್ಳಿಗೆ ಹೋಗುವುದನ್ನೂ ಬಿಟ್ಟಳು. ಅವ್ವ ಕೆಲವು ದಿನ ತಡೆದು ನೋಡಿ ಕೇಳಿಯೇಬಿಟ್ಟಳು.

"ಅಂವನ ಕೂಡ ನಾ ಮಾತ ಬಿಟ್ಟೇನಿ" ಎಂದಳು ಏಲಿಯಾಮ್ಮ. ಅಂವ ಎಂದರೆ ಗೋಡೆಯ ಮೇಲಿನವನು.

ಅವ್ವ ಬುದ್ಧಿ ಹೇಳಲಿಲ್ಲ. ಮರುದಿನ ಸಂಜೆ ತನ್ನ ಪೂಜೆ ಮುಗಿಸಿ, ಎಣ್ಣೆಯ ಗಿಂಡಿ ಹಿಡಿದು ಮುಂದಿನ ಖೋಲಿಗೆ ಹೋದಳು. ಏಸುಸ್ವಾಮಿಯ ಮುಂದೆ ದೀಪ ಹಚ್ಚಿ, ಗೋಡೆಗೊರಗಿ ಕೂತು, ತನಗೆ ಗೊತ್ತಿದ್ದ ಒಂದೇ ಮಂತ್ರವನ್ನು, ಓಂ ನಮಃ ಶಿವಾಯ ಎಂದು, ಮೆಲ್ಲಗೆ ಹೇಳತೊಡಗಿದಳು. ಏಲಿಯಾಮ್ಮ ಅಡುಗೆಮನೆಯಿಂದ ಇಣುಕಿ ನೋಡಿ, "ಅಕ್ಕಾ, ಏನ ಮಾಡಾಕತ್ತಿ? ಅಂವಗ ಅದು ತಿಳಿಯೂದಿಲ್ಲ" ಎಂದಳು.

"ತಿಳೀಲಿ, ಬಿಡಲಿ. ನೀ ಮಾತ ಬಿಟ್ಟೀ ಅಂತ ನಾ ಯಾಕ ಬಿಡ್ಲಿ? ನಮ್ಮ ಮನ್ಯಾಗ ಬಾಡಿಗಿಗೆ ಅದಾನಂವಾ. ಕತ್ತಲದಾಗ ಕುಂದ್ರಸಾಕ ಬರೂದಿಲ್ಲ" ಎಂದಳು ಅವ್ವ.

ಮಳೆಗಾಲ ಮುಗಿಯುವವರೆಗೆ ಅವ್ವ ಹೀಗೆ ಎರಡು ಪಾಳಿಯಲ್ಲಿ ದುಡಿದಳು. ನಡುಮನೆಯಲ್ಲಿ ತನ್ನ ದೇವರು, ಮುಂದಿನ ಖೋಲಿಯಲ್ಲಿ ಏಲಿಯಾಮ್ಮನ ದೇವರು. ಓಣಿಯಲ್ಲಿ ಗುಸುಗುಸು ನಡೆಯಿತು. ಅಪ್ಪ ಕಟ್ಟೆಯ ಮೇಲೆ ಯಾರೋ ಕೆಣಕಿದ್ದಕ್ಕೆ, "ಆಕಿ ಎಲ್ಲಿ ದೀಪಾ ಹಚ್ಚಿದ್ರೂ ಎಣ್ಣಿ ನಂದ ಖರ್ಚಾಗೂದು, ನಿಮಗೇನು?" ಎಂದು ಬಾಯಿ ಮುಚ್ಚಿಸಿದರು. ಶುಂಠಿ ಕೀಳುವ ಕಾಲ ಬಂತು. ಬೆಳೆ ಚೆನ್ನಾಗಿ ಬಂದಿತ್ತು. ಅದನ್ನು ಲಾರಿಗೆ ಏರಿಸಿ ಬಂದ ಸಂಜೆ ಅವ್ವ ಎಂದಿನಂತೆ ಫೋಟೋದ ಮುಂದೆ ಕೂತು ಗೊಣಗುತ್ತಿದ್ದಳು, ನಾನು ಬಾಗಿಲಲ್ಲಿ ಹೂ ಕಟ್ಟುತ್ತಿದ್ದೆ. ಅಡುಗೆಮನೆಯಿಂದ ಹಾಡು ಕೇಳಿತು. ಮೊದಲು ಬಹಳ ಸಣ್ಣಗೆ, ಒಲೆಯ ಮುಂದೆ ತನಗೆ ತಾನೇ ಹೇಳಿಕೊಂಡ ಹಾಗೆ. ಲಿಸಿ ಪುಸ್ತಕ ಬಿಟ್ಟು ಎದ್ದು ಹೋಗಿ ತಾಯಿಯ ದನಿಗೆ ದನಿ ಸೇರಿಸಿದಳು. ಅವ್ವ ಮಂತ್ರ ನಿಲ್ಲಿಸಿ, ಗಿಂಡಿ ಎತ್ತಿಕೊಂಡು ಎದ್ದು, ನನ್ನ ಪಕ್ಕದಿಂದ ಹಾಯ್ದು ಹೋಗುವಾಗ, "ರಾಜಿ ಆದ್ರು" ಎಂದಷ್ಟೇ ಹೇಳಿದಳು.

ಆಮೇಲೆ ನನ್ನ ಮದುವೆಯಾಗಿ ಹಿರೇಕೆರೂರಿಗೆ ಬಂದೆ. ಏಲಿಯಾಮ್ಮ ಅಲ್ಲೇ ಉಳಿದಳು. ಊರಿನ ರೈತರು ಶುಂಠಿಯ ಬೀಜ ಕೇಳಲು ಅವಳ ಹತ್ತಿರ ಬರುವಂತಾಯಿತು. ಲಿಸಿ ಓದಿ ದನದ ಡಾಕ್ಟರಾಗಿ ಈಗ ಸವಣೂರಿನಲ್ಲಿದ್ದಾಳೆ. ಅಪ್ಪ ಹೋದರು, ಕೆಲವು ವರ್ಷದ ಹಿಂದೆ ಅವ್ವನೂ ಹೋದಳು. ಇಬ್ಬರೂ ಅದೇ ಬೇವಿನ ಮರದ ಕೆಳಗಿದ್ದಾರೆ. ಮನೆಯ ಹಿಂಭಾಗದಲ್ಲಿ ಈಗ ನನ್ನ ತಮ್ಮನ ಸಂಸಾರ, ಮುಂದಿನ ಖೋಲಿಗಳಲ್ಲಿ ಏಲಿಯಾಮ್ಮ.

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೋ. ಕ್ಲಾಸಿನಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ. ಪ್ರತಿ ಸಲ ಒಂದೇ ಮಾತಿನಿಂದ ಮುಗಿಸುತ್ತಿದ್ದೆ: ಹೀಗೆ ಏಲಿಯಾಮ್ಮ ನಮ್ಮವಳೇ ಆಗಿಬಿಟ್ಟಳು. ಹೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಕೇಳಿದವರೂ ಒರೆಸಿಕೊಳ್ಳುತ್ತಿದ್ದರು. ಒಳ್ಳೆಯ ಮುಕ್ತಾಯ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಎಣ್ಣೆಯ ವಾಸನೆ ಬಂದ ಆ ವಾರವೇ ಬಸ್ಸು ಹತ್ತಿ ಹಾನಗಲ್ಲಿಗೆ ಹೋದೆ. ಏಲಿಯಾಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಮಂಡಿನೋವು, ಕಿವಿ ಸ್ವಲ್ಪ ಮಂದ. ಇಬ್ಬರೂ ರಿಕ್ಷಾ ಮಾಡಿಕೊಂಡು ಹೊಲಕ್ಕೆ ಹೋದೆವು. ಬೇವಿನ ಕೆಳಗಿನ ಕಸ ತೆಗೆದು, ಎಲ್ಲರಿಗೂ ಹೂವಿಟ್ಟು, ನೆರಳಿಗೆ ಕೂತೆವು. ಮತ್ತಾಯಿಯವರ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಹಾಗೇ ಬಿಟ್ಟಿದೆ. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಅವಳು ನೋಡಿದಳು.

"ಮೋಳೆ, ನಾ ಇಲ್ಲಿ ಮನಿಗೊಳ್ಳೂದಿಲ್ಲ. ಲಿಸಿಗೆ ಹೇಳೇನಿ. ನನ್ನ ನಮ್ಮ ಊರಿಗೆ ಒಯ್ಯಬೇಕು" ಎಂದಳು.

"ಅವರನ್ನ ಬಿಟ್ಟು?" ಎಂದೆ.

"ಇರಾಕ ನನಗ ಅಂವಾ ಇಲ್ಲಿ ಬೇಕಾಗಿದ್ದ. ಇದ್ದೆ. ಲಿಸಿ ದೊಡ್ಡಾಕಿ ಆದ್ಲು. ಇನ್ನ ಸಾಯೂದು ಅಷ್ಟ ಉಳದೈತಿ, ಅದಕ್ಕ ನನ್ನ ಹಡದ ಅಮ್ಮಚ್ಚಿ ಬೇಕು. ಚರ್ಚಿನ ಹಿಂದ ಮಲಗ್ಯಾಳ, ನಮ್ಮ ನದಿ ಸಪ್ಪಳ ಅಲ್ಲೀತನಕ ಕೇಳತೈತಿ." ಬೇವಿನ ಕಡೆ ಕೈ ತೋರಿಸಿದಳು. "ಅಂವಗೇನಾಗೈತಿ ಇಲ್ಲಿ? ನಿಮ್ಮವ್ವ ಅದಾಳ. ಗೌಡ ಅದಾನ. ಹೊಲದಾಗ ಮಂದಿ ಅದಾರ."

ಬೇವಿನ ಹಣ್ಣೊಂದು ನಮ್ಮಿಬ್ಬರ ನಡುವೆ ಬಿತ್ತು. ಇಷ್ಟು ವರ್ಷ ನಾನು ಕಣ್ಣೊರೆಸಿಕೊಂಡು ಹೇಳಿದ ಮುಕ್ತಾಯ ಅವಳದಾಗಿರಲಿಲ್ಲ, ನನ್ನದಾಗಿತ್ತು. ಬೇಸರವಾಯಿತೆ ಎಂದು ಕೇಳಿದರೆ, ಹೌದು, ಒಂದು ಕ್ಷಣ ಚಿಕ್ಕ ಮಕ್ಕಳ ಹಾಗೆ ಬೇಸರವಾಯಿತು. ಆಮೇಲೆ ಅವಳ ಮುಖ ನೋಡಿದೆ. ನದಿ ಎಂದಾಗ ಆ ಮುಖದಲ್ಲಿ ಬಂದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ನಾನೂ ಬರ್ತೇನಿ, ನಿನ್ನ ಕಳಸಾಕ" ಎಂದೆ. "ಊರ ಹೆಸರೇನು?"

ಕೇಳಿದ ಮೇಲೆ ಹೊಳೆಯಿತು, ಇಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನಮಗೆ ಅದು ಬರೀ ಕೇರಳ. ಅವಳು ನಕ್ಕು, ಹೇಳಿದಳು. ಪುೞಕ್ಕರ. ನಡುವೆ ಒಂದು ಅಕ್ಷರ, ಳಕಾರದಂತೆ ಕೇಳುತ್ತದೆ, ಆದರೆ ಅಲ್ಲ. ನಾಲಿಗೆಯನ್ನು ಒಳಕ್ಕೆ ಮಡಚಿ, ಎಲ್ಲಿಗೂ ತಾಗಿಸದೆ ಹೇಳಬೇಕು. ನಮ್ಮ ಹಳಗನ್ನಡದಲ್ಲೂ ಇತ್ತು ಅದು. ಎಲ್ಲೋ ದಾರಿಯಲ್ಲಿ ನಾವು ಕಳೆದುಕೊಂಡೆವು, ಅವರು ಉಳಿಸಿಕೊಂಡರು. ಮೂವತ್ತು ವರ್ಷ ಮಕ್ಕಳಿಗೆ ಅದರ ಹೆಸರು ಹೇಳಿಕೊಟ್ಟಿದ್ದೇನೆ, ನಾಲಿಗೆಯ ಮೇಲೆ ಒಮ್ಮೆಯೂ ಇಟ್ಟುಕೊಂಡವಳಲ್ಲ.

"ಪುಳಕ್ಕರ" ಎಂದೆ.

"ಹಂಗಲ್ಲ" ಎಂದಳು ಏಲಿಯಾಮ್ಮ. ಹತ್ತಿರ ಸರಿದು, ನನಗೆ ಕಾಣುವಂತೆ ಬಾಯಿ ತೆರೆದು, ನಾಲಿಗೆ ಮಡಚಿ ತೋರಿಸಿದಳು. "ಇನ್ನೊಮ್ಮೆ ಅನ್ನು."

ಅಂದೆ.